ಮಾತೇ ಕಸುಬಾದವರ ಕೈಗೆ ಕೊಟ್ಟ ಮೌನದ ಆಟ

ಇಬ್ಬರೇ ಕೂತು ಒಂದೂವರೆ ವರ್ಷ ಮಾಡಿದ ಕಂಪ್ಯೂಟರ್ ಆಟ ಅದು. ಕಥೆ ಮತ್ತು ಕೋಡ್ ನನ್ನದು, ಶಬ್ದವೆಲ್ಲ ನನ್ನ ಗೆಳೆಯನದು. ಆಟಗಾರ ಕತ್ತಲೆ ಕೋಣೆಯೊಂದರಲ್ಲಿ ಕುರ್ಚಿಯ ಮೇಲೆ ಕೂತಿರುತ್ತಾನೆ, ಎದುರಿಗೆ ಹಳೆಯ ರೇಡಿಯೊ. ತಿರುಗಣೆ ತಿರುಗಿಸುತ್ತ ಹೋದರೆ ಗೊರಗೊರ ಸದ್ದಿನ ನಡುವೆ ಎಲ್ಲೋ ಒಂದು ದನಿ ಸಿಗುತ್ತದೆ, ಮತ್ತೆ ತಪ್ಪಿಹೋಗುತ್ತದೆ. ಆ ದನಿ ಬಿಟ್ಟುಹೋದ ಹೆಸರು, ಅಂಕೆ, ಅರ್ಧ ವಾಕ್ಯಗಳನ್ನು ಹಿಡಿದು ಕಥೆ ಬಿಡಿಸಬೇಕು. ದನಿಗಳೆಲ್ಲ ಕನ್ನಡದಲ್ಲೇ ಇವೆ, ಬೇರೆ ಭಾಷೆಯವರಿಗೆ ಅಡಿಬರಹ. ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ, ಒಬ್ಬರೇ ಆಡಲಿ ಎಂದು ಮಾಡಿದ್ದು. ಆಟ ಶುರುವಾದಾಗ ಪರದೆಯ ಮೇಲೆ ಬರುವ ಮೊದಲ ಸಾಲು: ‘ಮಾತಾಡಬೇಡಿ, ಕೇಳಿ.’

ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಬಿಡುಗಡೆ ಮಾಡಿದೆವು. ಮೊದಲ ವಾರ 43 ಪ್ರತಿ ಹೋದವು, ಅದರಲ್ಲಿ ಅರ್ಧ ಪರಿಚಯದವರವು. ಈಗ ಅಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಹೊಸ ಆಟಗಳು ಬರುತ್ತವೆ. ಚೆನ್ನಾಗಿ ಮಾಡಿದರೆ ಜನ ತಾವಾಗಿ ಹುಡುಕಿಕೊಂಡು ಬರುತ್ತಾರೆ ಎಂದು ನಾನು ನಂಬಿದ್ದೆ. ಎರಡನೇ ವಾರದ ಲೆಕ್ಕ ನೋಡಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ತಾವು ಆಡುವುದನ್ನು ಅಂತರಜಾಲದಲ್ಲಿ ನೇರವಾಗಿ ತೋರಿಸುವ ಸ್ಟ್ರೀಮರ್‌ಗಳಿಗೆ ಕಳಿಸೋಣ ಎಂದವನು ಗೆಳೆಯ. ‘ಅಮಾಂಗ್ ಅಸ್’ ಕಥೆ ತೆಗೆದ. 2018ರಲ್ಲಿ ಬಿಡುಗಡೆಯಾದ ಆ ಆಟವನ್ನು ಎರಡು ವರ್ಷ ಹೆಚ್ಚು ಜನ ಕಣ್ಣೆತ್ತಿ ನೋಡಿರಲಿಲ್ಲ. ಮಾಡಿದ್ದು ಇನ್ನರ್‌ಸ್ಲಾತ್ ಎಂಬ ಮೂವರ ಪುಟ್ಟ ತಂಡ. 2020ರಲ್ಲಿ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದಿದ್ದಾಗ ದೊಡ್ಡ ಸ್ಟ್ರೀಮರ್‌ಗಳು ಅದನ್ನು ಗುಂಪುಗೂಡಿ ಆಡತೊಡಗಿದರು. ಕೆಲವೇ ವಾರಗಳಲ್ಲಿ ಅದು ಜಗತ್ತಿನ ಆಟವಾಯಿತು. ಎರಡನೇ ಭಾಗ ಮಾಡುತ್ತೇವೆ ಎಂದು ಘೋಷಿಸಿದ್ದ ತಂಡ, ಅದನ್ನು ಕೈಬಿಟ್ಟು ಹಳೆಯ ಆಟವನ್ನೇ ಸರಿಮಾಡಲು ಕೂತಿತು.

ನಾನು ಒಪ್ಪಲಿಲ್ಲ. ಅದು ಮಾತಿನ ಆಟ, ಸುಳ್ಳು ಹೇಳುವ, ಅನುಮಾನಿಸುವ, ಕೂಗಾಡುವ ಆಟ. ಅದೇ ವರ್ಷ ಬಂದ ‘ಫ್ಯಾಸ್ಮೊಫೋಬಿಯಾ’ದಲ್ಲಂತೂ ಆಟಗಾರ ಮೈಕ್‌ನಲ್ಲಿ ಆಡಿದ ಮಾತನ್ನು ದೆವ್ವವೇ ಕೇಳಿಸಿಕೊಳ್ಳುತ್ತದೆ. ಅವು ಸ್ಟ್ರೀಮಿಂಗ್‌ಗೆ ಒಗ್ಗುವುದು ಸಹಜ. ನಮ್ಮದರಲ್ಲಿ ಮಾತಾಡಿದರೆ ಆಟವೇ ಕೆಡುತ್ತದೆ. ‘ನೋಡುವವರಿಗೆ ಏನು ಸಿಗುತ್ತೆ?’ ಎಂದೆ. ‘ಗೊತ್ತಿಲ್ಲ. ಆದ್ರೆ ಈಗ ಆಡೋರೂ ಇಲ್ಲವಲ್ಲ’ ಎಂದ ಅವನು.

ಪಟ್ಟಿ ಮಾಡುವುದಕ್ಕೇ ಮೂರು ವಾರ ಹಿಡಿಯಿತು. ಹಿಂಬಾಲಕರ ಸಂಖ್ಯೆ ನೋಡಿ ಆರಿಸಲಿಲ್ಲ. ಪ್ರತಿಯೊಬ್ಬರದೂ ಒಂದಾದರೂ ವಿಡಿಯೊ ಪೂರ್ತಿ ನೋಡಿದೆ: ನಿಧಾನದ ಆಟಗಳನ್ನು ಕೊನೆವರೆಗೆ ಆಡುತ್ತಾರಾ, ಓದಬೇಕಾದ್ದನ್ನು ಓದುತ್ತಾರಾ, ಗೊತ್ತಾಗದಿದ್ದರೆ ಬಿಟ್ಟುಹೋಗುತ್ತಾರಾ. ಹೀಗೆ 140 ಹೆಸರು ಉಳಿದವು. ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆದು, ಆಟವನ್ನು ಉಚಿತವಾಗಿ ತೆರೆದುಕೊಳ್ಳುವ ಸಂಕೇತ, ಅಂದರೆ ಕೀ, ಜೊತೆಗಿಟ್ಟು ಕಳಿಸಿದೆ.

ಅಷ್ಟರಲ್ಲಿ ಎದುರಿನಿಂದಲೂ ಪತ್ರಗಳು ಬರತೊಡಗಿದವು. ‘ನಮ್ಮದು ಲಕ್ಷಗಟ್ಟಲೆ ಚಂದಾದಾರರಿರುವ ಚಾನೆಲ್, ಮೂರು ಕೀ ಕಳಿಸಿ’ ಎಂಬ ಧಾಟಿಯವು. ಸಂತೋಷದಲ್ಲಿ ಒಂಬತ್ತು ಕೀ ಕೊಟ್ಟುಬಿಟ್ಟೆ. ಆಮೇಲೆ ಗೆಳೆಯ ಗಮನಿಸಿದ್ದು: ಮೇಲ್ ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆ. ಕೀಗಳು ಮರುಮಾರಾಟದ ತಾಣವೊಂದರಲ್ಲಿ ಅರ್ಧ ಬೆಲೆಗೆ ಕೂತಿದ್ದವು. ಅಂದಿನಿಂದ ನಿಯಮ ಮಾಡಿಕೊಂಡೆವು. ಯಾರು ಕೇಳಿದರೂ ಬಂದ ಮೇಲ್‌ಗೆ ಉತ್ತರಿಸುವುದಿಲ್ಲ. ಅವರ ಚಾನೆಲ್ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ವಿಳಾಸಕ್ಕೆ ಹೊಸದಾಗಿ ಬರೆದು, ‘ಕೇಳಿದ್ದು ನೀವೇನಾ?’ ಎಂದು ವಿಚಾರಿಸುತ್ತೇವೆ. ಹತ್ತರಲ್ಲಿ ಎಂಟು ಸಲ ಅವರು ಕೇಳಿರುವುದೇ ಇಲ್ಲ.

ಮಧ್ಯವರ್ತಿಯೊಬ್ಬರೂ ಬಂದರು. ಇಷ್ಟು ಕೊಟ್ಟರೆ ಇಂಥವರು ಒಂದು ಗಂಟೆ ಆಡುತ್ತಾರೆ, ಆದರೆ ಪ್ರಾಯೋಜಿತ ಎಂದು ಹಾಕುವುದಿಲ್ಲ, ಹಾಕಿದರೆ ಜನ ನೋಡುವುದಿಲ್ಲ ಎಂದರು. ಹಣ ಕೊಟ್ಟು ಆಡಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಬಚ್ಚಿಡುವುದರಲ್ಲಿ ಕಾಣುತ್ತದೆ. ‘ಶ್ಯಾಡೋ ಆಫ್ ಮಾರ್ಡರ್’ ಆಟವನ್ನು ಹೊಗಳಿ ವಿಡಿಯೊ ಮಾಡಲು ಯೂಟ್ಯೂಬರ್‌ಗಳಿಗೆ ಹಣ ಕೊಟ್ಟು ಅದನ್ನು ಸರಿಯಾಗಿ ಬಹಿರಂಗಪಡಿಸಲಿಲ್ಲ ಎಂದು ಅಮೆರಿಕದ ವ್ಯಾಪಾರ ಆಯೋಗ 2016ರಲ್ಲಿ ವಾರ್ನರ್ ಬ್ರದರ್ಸ್ ಮೇಲೆ ಕ್ರಮ ಕೈಗೊಂಡಿತ್ತು. ನೋಡುಗ ಸ್ಟ್ರೀಮರ್‌ನನ್ನು ನಂಬಿ ಕೂತಿರುತ್ತಾನೆ. ಆ ನಂಬಿಕೆಯನ್ನೇ ಕೆಡಿಸಿ ಅವನಿಗೆ ಆಟ ಮಾರುವುದು ನನಗೆ ಬೇಡವಾಗಿತ್ತು. ಆಗುವುದಿಲ್ಲ ಎಂದು ಬರೆದು ಕಳಿಸಿದೆ.

ಆ 140 ಜನರಲ್ಲಿ ಕೀ ತೆರೆದವರು ಹನ್ನೊಂದು. ಮೊದಲು ಲೈವ್ ಆಡಿದ್ದು ಕನ್ನಡದ ಒಬ್ಬ ಹುಡುಗಿ. ನೋಡುತ್ತಿದ್ದವರು ಸುಮಾರು ನಲವತ್ತು ಮಂದಿ. ನಾನು ಹೆಸರು ಹೇಳದೆ ಚಾಟ್‌ನಲ್ಲಿ ಸುಮ್ಮನೆ ಕೂತೆ.

ಮೊದಲ ಹತ್ತು ನಿಮಿಷ ನನಗೆ ಉಸಿರು ಕಟ್ಟಿದಂತಾಯಿತು. ‘ಮಾತಾಡಬೇಡಿ, ಕೇಳಿ’ ಎಂಬ ಸಾಲನ್ನು ಆಕೆ ಗಟ್ಟಿಯಾಗಿ ಓದಿ, ‘ಸರಿ, ಮಾತಾಡಲ್ಲ’ ಎಂದು ಮಾತು ಮುಂದುವರಿಸಿದಳು. ಹೊಸಬರು ಬಂದರೆ ‘ಬನ್ನಿ ಬನ್ನಿ, ಊಟ ಆಯ್ತಾ?’ ಎಂದು ವಿಚಾರಿಸುತ್ತಿದ್ದಳು. ಗೆಳೆಯ ರಾತ್ರಿಗಟ್ಟಲೆ ಕೂತು ಜೋಡಿಸಿದ ಪಿಸುಮಾತುಗಳು ಒಂದಾದ ಮೇಲೊಂದು ಆ ಮಾತಿನಡಿಯಲ್ಲಿ ಹೋಗಿಬಿಟ್ಟವು. ಅಡಿಬರಹವಾದರೂ ಕಾಣಲಿ ಎಂದರೆ ಅದೂ ಇಲ್ಲ. ನಾವು ಅದನ್ನು ಎಡಗಡೆ ಕೆಳಮೂಲೆಯಲ್ಲಿ ಇಟ್ಟಿದ್ದೆವು, ಆಕೆಯ ಮುಖ ತೋರಿಸುವ ಕ್ಯಾಮೆರಾ ಚೌಕವೂ ಅಲ್ಲೇ ಇತ್ತು.

ಮೂರನೇ ಅಧ್ಯಾಯದಲ್ಲಿ ನಮಗೆ ತುಂಬ ಹೆಮ್ಮೆಯ ಒಗಟೊಂದಿದೆ. ಬಾಗಿಲಿಗೆ ಅಂಕಿ ಬೀಗ. ರೇಡಿಯೊದಲ್ಲಿ ಮುದುಕನ ದನಿ: ‘ಏಳು... ಏಳು... ಬಾಗಿಲು...’ ಆಟಗಾರರು ಬೀಗವನ್ನು ಏಳಕ್ಕೆ ತಿರುಗಿಸುತ್ತಾರೆ, ಏನೂ ಆಗುವುದಿಲ್ಲ. ಆದರೆ ಮುದುಕ ಹೇಳುತ್ತಿರುವುದು ಅಂಕಿಯಲ್ಲ. ಆಟ ಶುರುವಾದಾಗಿನಿಂದ ಕುರ್ಚಿಯಲ್ಲೇ ಕೂತಿರುವವನಿಗೆ ಏಳು, ಎದ್ದೇಳು ಎನ್ನುತ್ತಿದ್ದಾನೆ. ಎದ್ದು ನಿಂತರೆ ಬಾಗಿಲು ತೆರೆದುಕೊಳ್ಳುತ್ತದೆ.

ಆಕೆ ಇಪ್ಪತ್ತೆರಡು ನಿಮಿಷ ಬೀಗ ತಿರುಗಿಸಿದಳು. ಏಳು, ಏಳು-ಏಳು, ಎಪ್ಪತ್ತೇಳು, ಹಿಂದಿನ ಅಧ್ಯಾಯದ ತಾರೀಖು, ಎಲ್ಲ. ನೋಡುವವರು ನಲವತ್ತರಿಂದ ಇಪ್ಪತ್ತೈದಕ್ಕೆ ಇಳಿದರು. ಚಾಟ್‌ನಲ್ಲಿ ಉತ್ತರ ಬರೆದುಬಿಡಲೇ ಎಂದು ಎರಡು ಸಲ ಬೆರಳಿಟ್ಟು ತೆಗೆದೆ. ಅಷ್ಟರಲ್ಲಿ ಯಾರೋ ಬರೆದರು: ‘ಅಕ್ಕಾ, ಅದು ನಂಬರ್ ಅಲ್ಲ ಅನ್ಸುತ್ತೆ. ಅಜ್ಜ ನಿಮ್ಮನ್ನ ಎದ್ದೇಳು ಅಂತಿದಾರೆ.’

ಆಕೆ ಅದನ್ನು ಓದಿದಳು. ಮಾತು ನಿಂತಿತು. ಒಂದು ಬಟನ್ ಒತ್ತಿದಳು, ಆಟದೊಳಗೆ ಕುರ್ಚಿ ಕಿರ್ ಎಂದಿತು, ಬಾಗಿಲು ತೆರೆಯಿತು. ‘ಅಯ್ಯೋ ದೇವರೇ’ ಎಂದು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಚಾಟ್ ಒಮ್ಮೆಲೇ ತುಂಬಿ ಹರಿಯಿತು. ನಮ್ಮ ಆಟ ಒಬ್ಬ ಮನುಷ್ಯನಿಗೆ ತಲುಪಿದ್ದನ್ನು ನಾನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಅದೂ ನಾನು ಅಂದುಕೊಂಡಂತೆ ಒಬ್ಬಳ ಕಿವಿಗಲ್ಲ. ಬಾಯಿ ಒಬ್ಬರದು, ಕಿವಿ ಇನ್ನೊಬ್ಬರದು, ಮಧ್ಯೆ ಆಟ.

ಮರುದಿನ ಹೆಸರು ಹೇಳಿಕೊಂಡು ಆಕೆಗೆ ಬರೆದೆ. ದೂರು ಅಂತಲ್ಲ, ಕುತೂಹಲಕ್ಕೆ ಕೇಳಿದೆ: ಸುಮ್ಮನಿದ್ದು ಕೇಳಲು ಆಗುವುದಿಲ್ಲವೇ? ಉತ್ತರ ಬಂತು. ‘ಸರ್, ನಾನು ಅರ್ಧ ನಿಮಿಷ ಸುಮ್ಮನಾದ್ರೆ ಸ್ಟ್ರೀಮ್ ಹ್ಯಾಂಗ್ ಆಗಿದೆ ಅಂದ್ಕೊಂಡು ಜನ ಹೋಗ್ತಾರೆ. ಆಗ ತಾನೇ ಬಂದವರಿಗೆ ಕಥೆ ಗೊತ್ತಿರಲ್ಲ, ಹೇಳ್ಬೇಕು. ಮಾತಾಡೋದು ನನ್ನ ಕೆಲಸ, ಕೇಳ್ಬೇಕು ಅಂತ ಆಸೆ ಇದ್ದೇ ಇದೆ.’ ಈ ಉತ್ತರವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಆಡುವುದು ಬೇರೆ, ಆಡಿ ತೋರಿಸುವುದು ಬೇರೆ. ಎರಡನೆಯದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಉಳಿದ ಹತ್ತು ಜನ ಆಡಿದ್ದನ್ನೂ ನೋಡಿದೆವು, ಕೈಯಲ್ಲಿ ನೋಟ್‌ಬುಕ್ ಹಿಡಿದು. ಅಡಿಬರಹವನ್ನು ನಡುವಿಗೆ ತಂದು ಅಕ್ಷರ ದೊಡ್ಡದು ಮಾಡಿದೆವು. ಸ್ಟ್ರೀಮನ್ನು ಎಷ್ಟೋ ಜನ ಫೋನಿನ ಪುಟ್ಟ ಪರದೆಯಲ್ಲಿ ನೋಡುತ್ತಾರೆ. ಅದು ಸುಲಭದ ಕೆಲಸ. ಕತ್ತಲೆಯ ಕೆಲಸ ಕಷ್ಟದ್ದಾಯಿತು. ನಮ್ಮ ಕೋಣೆಯ ಕತ್ತಲೆಗೆ ಹಳೆಯ ಸಿನಿಮಾದಂತೆ ಸಣ್ಣ ಕಾಳುಕಾಳು ಹೊಳಪು ಕೊಟ್ಟಿದ್ದೆ. ನನ್ನ ಪರದೆಯಲ್ಲಿ ಅದು ಜೀವಂತವಾಗಿ ಕಾಣುತ್ತಿತ್ತು, ಸ್ಟ್ರೀಮ್‌ನಲ್ಲಿ ಮಾತ್ರ ಬೂದು ಇಟ್ಟಿಗೆಗಳ ರಾಶಿ. ಕಾರಣ ಇಷ್ಟೇ. ವಿಡಿಯೊವನ್ನು ಕುಗ್ಗಿಸುವ ತಂತ್ರ ಒಂದು ಚೌಕಟ್ಟಿನಿಂದ (ಫ್ರೇಮ್) ಇನ್ನೊಂದಕ್ಕೆ ಬದಲಾದದ್ದನ್ನಷ್ಟೇ ಕಳಿಸಿ ಜಾಗ ಉಳಿಸುತ್ತದೆ. ನನ್ನ ಕಾಳುಗಳು ಪ್ರತಿ ಚೌಕಟ್ಟಿನಲ್ಲೂ ಪರದೆಯ ತುಂಬ ಬದಲಾಗುತ್ತವೆ. ಆಟಗಳ ನೇರಪ್ರಸಾರದ ತಾಣವಾದ ಟ್ವಿಚ್‌ನಲ್ಲಿ ಬಹುಕಾಲದಿಂದ ಬಂದ ರೂಢಿಯ ಮಿತಿ ಸೆಕೆಂಡಿಗೆ 6,000 ಕಿಲೊಬಿಟ್. ಆ ಬುಟ್ಟಿಯಲ್ಲಿ ಕಾಳುಗಳೇ ತುಂಬಿಕೊಂಡರೆ ಕೋಣೆಗೆ ಜಾಗವೆಲ್ಲಿ? ಕೊನೆಗೆ ‘ಸ್ಟ್ರೀಮ್ ಮೋಡ್’ ಎಂಬ ಆಯ್ಕೆ ಮಾಡಿದೆವು. ಅದನ್ನು ಒತ್ತಿದರೆ ಕಾಳು ಹೋಗುತ್ತದೆ, ಕತ್ತಲೆ ಒಂದಿಷ್ಟು ತಿಳಿಯಾಗುತ್ತದೆ.

ಅದೇ ಆಯ್ಕೆಗೆ ಇನ್ನೊಂದು ಸೇರಿತು. ನಮ್ಮ ರೇಡಿಯೊದಲ್ಲಿ ಒಂದು ಹಾಡು ಬರುತ್ತದೆ, ಆಟಕ್ಕಾಗಿ ಹಕ್ಕು ಕೊಂಡು ಬಳಸಿದ್ದು. ಒಬ್ಬ ಯೂಟ್ಯೂಬರ್ ನಮ್ಮ ಆಟದ ವಿಡಿಯೊ ಹಾಕಿದಾಗ ಯೂಟ್ಯೂಬ್‌ನ ಯಂತ್ರ ಆ ಹಾಡನ್ನು ಗುರುತಿಸಿ ಕಾಪಿರೈಟ್ ಹಕ್ಕುಸಾಧನೆ ಹಾಕಿತು. ಅವನ ವಿಡಿಯೊದ ಸಂಪಾದನೆ ಬೇರೆಯವರಿಗೆ ಹೋಗತೊಡಗಿತು. ಹಾಡಿನವರು ಅದನ್ನು ಹಂಚಿಕೆದಾರರ ಮೂಲಕ ಗುರುತಿಸುವ ವ್ಯವಸ್ಥೆಗೂ ಸೇರಿಸಿದ್ದು ನಮಗೆ ಗೊತ್ತೇ ಇರಲಿಲ್ಲ. ಅವನು ವಿಡಿಯೊ ಅಳಿಸಿದ, ನಮ್ಮ ಮೇಲೆ ಸಿಟ್ಟಾದ. ಸಿಟ್ಟಾಗುವ ಹಕ್ಕು ಅವನಿಗಿತ್ತು. 2020ರಲ್ಲಿ ಟ್ವಿಚ್‌ನಲ್ಲಿ ಸಂಗೀತದ ಕಾರಣಕ್ಕೇ ದೂರುಗಳ ಮಳೆ ಸುರಿದು ಎಷ್ಟೋ ಸ್ಟ್ರೀಮರ್‌ಗಳು ವರ್ಷಗಳ ಹಳೆಯ ವಿಡಿಯೊಗಳನ್ನು ಅಳಿಸಿಕೊಂಡಿದ್ದರು. ಅವರಿಗೆ ಇದು ಹೊಟ್ಟೆಪಾಡಿನ ಭಯ. ಗೆಳೆಯ ತಾನೇ ಒಂದು ರಾಗ ನುಡಿಸಿ ರೆಕಾರ್ಡ್ ಮಾಡಿದ. ಹಳೆಯ ಹಾಡಿಗಿಂತ ಇದೇ ಚೆನ್ನಾಗಿದೆ ಎಂದು ನನಗನ್ನಿಸುತ್ತದೆ. ಅವನು ಒಪ್ಪುವುದಿಲ್ಲ.

ದೊಡ್ಡ ರಾತ್ರಿ ಬಂದದ್ದು ನಾಲ್ಕನೇ ತಿಂಗಳಲ್ಲಿ. ಗೆಳೆಯನ ಫೋನು. ‘ಎದ್ದೇಳು ಮಾರಾಯ, ನಮ್ಮ ಆಟ ನೋಡ್ತಾ ಹದಿನೆಂಟು ಸಾವಿರ ಜನ ಕೂತಿದಾರೆ.’ ಹೊರದೇಶದ ಒಬ್ಬ ದೊಡ್ಡ ಸ್ಟ್ರೀಮರ್, ನಾವು ಕೀ ಕಳಿಸಿದವರಲ್ಲ, ತಾನೇ ಕೊಂಡು ಆಡುತ್ತಿದ್ದ. ಕನ್ನಡ ಗೊತ್ತಿಲ್ಲದ್ದರಿಂದ ದನಿಗಳು ಅವನಿಗೆ ಬರೀ ಶಬ್ದ, ಓದುವುದು ಅಡಿಬರಹ. ‘ಏಳು’ ಬಂದಾಗ ನನ್ನ ಎದೆ ಬಡಿದುಕೊಂಡಿತು. ಅನುವಾದದಲ್ಲಿ ನಾವು ಆ ಪದವನ್ನು ಹಾಗೇ ಬಿಟ್ಟು, ಆಟದ ಟಿಪ್ಪಣಿ ಪುಸ್ತಕದಲ್ಲಿ ಎರಡು ಅರ್ಥವನ್ನೂ ಬರೆದಿದ್ದೆವು. ಅವನು ಪುಸ್ತಕ ತೆರೆಯಲೇ ಇಲ್ಲ. ಆದರೆ ಅಷ್ಟು ಸಾವಿರ ಜನರ ನಡುವೆ ಕನ್ನಡದವರೂ ಇದ್ದರು! ಚಾಟ್‌ನಲ್ಲಿ ಅವರು ನಾಮುಂದು ತಾಮುಂದು ಎಂದು ವಿವರಿಸತೊಡಗಿದರು: ಅಂಕಿಯೂ ಅದೇ, ಎದ್ದೇಳು ಅನ್ನುವುದೂ ಅದೇ. ಅವನು ಮೂರು ಸಲ ‘ಏಳು’ ಎಂದು ಹೇಳಿ ನೋಡಿದ, ನಾಲಿಗೆ ಮಡಚದೆ. ಆಮೇಲೆ ಬಟನ್ ಒತ್ತಿದ.

ಆ ಒಂದೇ ರಾತ್ರಿ ಹೋದ ಪ್ರತಿಗಳು ಹಿಂದಿನ ನಾಲ್ಕು ತಿಂಗಳ ಒಟ್ಟಿಗಿಂತ ಹೆಚ್ಚು. ಇಬ್ಬರೂ ಬೆಳಗಿನವರೆಗೆ ಮಲಗಲಿಲ್ಲ.

ಆದರೆ ಆ ಸ್ಟ್ರೀಮ್‌ನಿಂದ ಹೊರಗೆ ಹರಡಿದ್ದು ‘ಏಳು’ ಅಲ್ಲ. ಎರಡನೇ ಅಧ್ಯಾಯದಲ್ಲಿ ಒಂದು ಕಡೆ ರೇಡಿಯೊ ಇದ್ದಕ್ಕಿದ್ದಂತೆ ಜೋರಾಗಿ ಗೊರಗುಟ್ಟುತ್ತದೆ. ಅಲ್ಲಿ ಅವನು ಬೆಚ್ಚಿಬಿದ್ದು ಕಿರುಚಿದ್ದ. ಆ ಹನ್ನೊಂದು ಸೆಕೆಂಡಿನ ತುಣುಕು ಎಲ್ಲೆಡೆ ಓಡಾಡಿತು. ಅದನ್ನು ನೋಡಿದವರು ಇದು ಹೆದರಿಸುವ ಆಟ ಎಂದುಕೊಂಡು ಕೊಂಡರು. ಮೂರು ದಿನದಲ್ಲಿ ವಿಮರ್ಶೆಗಳು ಬಂದವು: ‘ದೆವ್ವ ಎಲ್ಲಿ?’ ‘ಬರೀ ರೇಡಿಯೊ ತಿರುಗಿಸೋದು.’ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ತುಂಬ ಜನ ವಾಪಸ್ ಪಡೆದರು. ಅವರ ಮೇಲೆ ನನಗೆ ಬೇಸರವಿಲ್ಲ, ಅವರು ಕೊಂಡದ್ದು ಆ ಕಿರುಚಾಟವನ್ನು.

ಇದು ನನ್ನನ್ನು ತುಂಬ ಕಾಡಿದೆ. ಸ್ಟ್ರೀಮರ್ ಆಟವನ್ನು ತೋರಿಸುತ್ತಾನೆ ಎನ್ನುತ್ತೇವೆ. ಅವನು ತೋರಿಸುವುದು ಆಟ ತನ್ನ ಮೈಮೇಲೆ ಬಂದದ್ದನ್ನು. ಮೈಮೇಲೆ ಬಂದದ್ದು ಎದ್ದು ಕಾಣಬೇಕಲ್ಲ, ಹಾಗಾಗಿ ಬೆಚ್ಚುವುದು, ಸಿಟ್ಟಾಗುವುದು, ಬೀಳುವುದು ಗೆಲ್ಲುತ್ತವೆ. 2010ರ ‘ಅಮ್ನೀಷಿಯಾ’ ಮನೆಮಾತಾಗಲು ಯೂಟ್ಯೂಬರ್ ಪ್ಯೂಡಿಪೈ ಅದನ್ನು ಆಡುತ್ತ ಕಿರುಚಿದ ವಿಡಿಯೊಗಳ ಪಾಲು ದೊಡ್ಡದು. 2014ರಲ್ಲಿ ಸ್ಕಾಟ್ ಕಾಥನ್ ಒಬ್ಬರೇ ಮಾಡಿದ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಮಾರ್ಕಿಪ್ಲೈಯರ್‌ನಂಥ ಯೂಟ್ಯೂಬರ್‌ಗಳ ಮುಖಗಳ ಮೇಲೆ ಸವಾರಿ ಮಾಡಿತು. ಅವು ಹೆದರಿಸಲೆಂದೇ ಹುಟ್ಟಿದ ಆಟಗಳು, ಚೆನ್ನಾಗಿಯೇ ಹೆದರಿಸುತ್ತವೆ. ಆದರೆ ಕಣ್ಣಂಚು ಒದ್ದೆಯಾಗುವುದು, ಒಂದು ಪದದ ಮುಂದೆ ತಡೆದು ನಿಲ್ಲುವುದು, ಇವು ಹನ್ನೊಂದು ಸೆಕೆಂಡಿನ ತುಣುಕಿಗೆ ಸಿಗುವುದಿಲ್ಲ.

ನಾವೂ ಸೋತೆವು, ಒಂದು ವಾರದ ಮಟ್ಟಿಗೆ. ಜನ ಕೇಳುತ್ತಿದ್ದಾರಲ್ಲ ಎಂದು ಮೂರು ಕಡೆ ಬೆಚ್ಚಿಬೀಳಿಸುವ ಸದ್ದು, ಕಿಟಕಿಯಲ್ಲಿ ಒಂದು ಮುಖ ಸೇರಿಸಿದೆ. ಕೆಲಸವೇನೋ ಚೆನ್ನಾಗಿಯೇ ಬಂತು. ಗೆಳೆಯ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಆಡಿದ. ಮುಗಿಸಿದವನು ಬೈಯಲಿಲ್ಲ. ‘ಮೊದಲನೇ ಸಲ ಮುಖ ಬಂದಮೇಲೆ ನಾನು ಮುದುಕನ ಮಾತು ಕೇಳ್ಲೇ ಇಲ್ಲ ಕಣೋ. ಇನ್ನೊಂದು ಯಾವಾಗ ಬರುತ್ತೋ ಅಂತ ಕಿಟಕಿನೇ ನೋಡ್ತಾ ಕೂತಿದ್ದೆ’ ಎಂದ. ಆ ರಾತ್ರಿಯೇ ಎಲ್ಲ ತೆಗೆದೆ. ಅಂಗಡಿ ಪುಟದಲ್ಲಿ ಮೊದಲ ಸಾಲಾಗಿ ‘ಇದು ಹಾರರ್ ಆಟವಲ್ಲ’ ಎಂದು ಬರೆದೆವು. ಮಾರಾಟ ಇಳಿಯಿತು, ವಾಪಸಾತಿ ಅದಕ್ಕಿಂತ ಹೆಚ್ಚು ಇಳಿಯಿತು.

ಇನ್ನೊಂದು ನೋವು ಉಳಿದಿತ್ತು. ನಮ್ಮದು ಮೂರು ಗಂಟೆಯ ಕಥೆ. ಕೊನೆವರೆಗೆ ಸ್ಟ್ರೀಮ್‌ನಲ್ಲಿ ನೋಡಿದವರು ಮತ್ತೆ ಯಾಕೆ ಕೊಳ್ಳುತ್ತಾರೆ? ‘ತುಂಬ ಅತ್ತೆ, ಯೂಟ್ಯೂಬ್‌ನಲ್ಲಿ ನೋಡಿದೆ’ ಎಂದು ಬರೆದವರಿಗೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಕ್ಯಾನ್ಸರ್‌ಗೆ ತುತ್ತಾದ ತಮ್ಮ ಮಗುವಿನ ಬಗ್ಗೆ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಆಟ ಮಾಡಿದ ತಂದೆತಾಯಿ ಮತ್ತು ಅವರ ತಂಡ 2016ರಲ್ಲಿ ಇದೇ ಸಂಕಟವನ್ನು ಬಹಿರಂಗವಾಗಿ ತೋಡಿಕೊಂಡಿದ್ದರು: ವಿಡಿಯೊಗಳನ್ನು ಅಷ್ಟೊಂದು ಜನ ನೋಡಿದ್ದಾರೆ, ಕೊಂಡವರು ಕೆಲವೇ ಮಂದಿ. ಕೊನೆಯ ಅಧ್ಯಾಯ ಸ್ಟ್ರೀಮ್ ಮಾಡಬೇಡಿ ಎಂದು ಕೇಳೋಣವೇ ಎಂದು ಯೋಚಿಸಿದೆವು. 2017ರಲ್ಲಿ ಅಟ್ಲಸ್ ಸಂಸ್ಥೆ ‘ಪರ್ಸೋನ 5’ ಆಟಕ್ಕೆ ಹಾಗೆ ಗಡಿ ಹಾಕಿ, ಆಟಗಾರರ ಸಿಟ್ಟು ಎದುರಿಸಲಾಗದೆ ಗಡಿಯನ್ನು ಸಡಿಲಿಸಬೇಕಾಗಿ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಆಟವನ್ನು ಬದುಕಿಸಿದವರ ಬಾಯಿ ಮುಚ್ಚಿಸಲು ನನಗೆ ಮನಸ್ಸು ಬರಲಿಲ್ಲ.

ಬದಲಿಗೆ ಕೊನೆಯ ಅಧ್ಯಾಯವನ್ನು ಬಿಚ್ಚಿ ಹೊಸದಾಗಿ ಕಟ್ಟಿದೆವು. ಆಟಗಾರ ಯಾವ ದನಿಯ ಬಳಿ ಹೆಚ್ಚು ಹೊತ್ತು ನಿಂತಿದ್ದನೋ ಆ ದನಿಯೇ ಕೊನೆಗೆ ಮಾತಾಡುತ್ತದೆ. ಅರ್ಧಕ್ಕೇ ಬಿಟ್ಟುಬಂದ ದನಿಗಳು ಅರ್ಧಕ್ಕೇ ನಿಲ್ಲುತ್ತವೆ. ಸ್ಟ್ರೀಮರ್ ಕಂಡ ಕೊನೆ ಅವನದಷ್ಟೇ ಆಗುತ್ತದೆ, ನೋಡಿದವನಿಗೆ ತನ್ನದು ಬಾಕಿ ಇರುತ್ತದೆ. ಎಂಟು ತಿಂಗಳ ಕೆಲಸ.

ಜೊತೆಗೆ ‘ಕಿವಿ’ ಎಂಬ ಆಯ್ಕೆ ಮಾಡಿದೆವು, ಆ ಮೊದಲ ಸ್ಟ್ರೀಮ್‌ನ ನೆನಪಿಗೆ. ಚಾಟ್‌ನಿಂದ ಆಟ ಆಡಿಸುವುದು ಹೊಸದೇನಲ್ಲ. 2014ರಲ್ಲಿ ಟ್ವಿಚ್‌ನಲ್ಲಿ ಸಾವಿರಾರು ಜನ ಒಟ್ಟಿಗೆ ಆಜ್ಞೆ ಟೈಪ್ ಮಾಡಿ ಒಂದು ಪೋಕೆಮಾನ್ ಆಟವನ್ನು 16 ದಿನಗಳಲ್ಲಿ ಮುಗಿಸಿದ್ದರು. ನಮ್ಮಲ್ಲಿ ಚಾಟ್ ಆಡಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ. ಸ್ಟ್ರೀಮರ್ ಒಂದು ದನಿಯ ಬಳಿ ನಿಂತಾಗ ನೋಡುವವರು ತಮಗೆ ಕೇಳಿಸಿದ ಪದ ಬರೆಯುತ್ತಾರೆ. ನಾಲ್ಕೈದು ಜನ ಒಂದೇ ಪದ ಬರೆದರೆ ಅದು ಆಟದ ಟಿಪ್ಪಣಿ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಮೂಡುತ್ತದೆ, ತಪ್ಪಿದ್ದರೂ. ಮೊದಲು ಮಾಡಿದಾಗ ಪದಗಳೆಲ್ಲ ದನಿ ಮುಗಿದ ಮೇಲೆ ಬರುತ್ತಿದ್ದವು. ಸ್ಟ್ರೀಮ್ ನೋಡುವವರನ್ನು ತಲುಪುವುದೇ ಕೆಲವು ಸೆಕೆಂಡು ತಡವಾಗಿ ಎಂಬುದು ಮರೆತುಹೋಗಿತ್ತು. ದನಿ ನಿಂತ ಮೇಲೂ ಇಪ್ಪತ್ತು ಸೆಕೆಂಡು ಪುಸ್ತಕ ತೆರೆದೇ ಇರುವಂತೆ ಮಾಡಿದೆವು.

ಹೊಸ ಆವೃತ್ತಿಯನ್ನು ಮೊದಲು ಕಳಿಸಿದ್ದು ಆ ಹುಡುಗಿಗೆ. ಈಗ ಆಕೆಯ ಸ್ಟ್ರೀಮ್ ನೋಡುವವರು ಮುನ್ನೂರರ ಹತ್ತಿರ. ಗೆಳೆಯ ಫೋನಿನಲ್ಲಿ, ನಾನು ಇಲ್ಲಿ, ಇಬ್ಬರೂ ಕೂತು ನೋಡಿದೆವು. ಎರಡೂವರೆ ಗಂಟೆ ಆಕೆ ಎಂದಿನಂತೆ ಮಾತಾಡಿದಳು, ಚಾಟ್ ಕಿವಿಯಾಗಿತ್ತು, ಪುಸ್ತಕದಲ್ಲಿ ಪೆನ್ಸಿಲ್ ಪದಗಳು ತುಂಬುತ್ತಿದ್ದವು. ಕೊನೆಯ ಅಧ್ಯಾಯದ ಬಾಗಿಲಲ್ಲಿ ಆಕೆ ಕ್ಯಾಮೆರಾ ನೋಡಿ, ‘ಸ್ಟ್ರೀಮ್ ಹ್ಯಾಂಗ್ ಆಗಿಲ್ಲ, ಇಲ್ಲೇ ಇದೀನಿ’ ಎಂದು ಹೇಳಿ ಮೈಕ್ ಆಫ್ ಮಾಡಿದಳು. ಪರದೆಯಲ್ಲಿ ಕತ್ತಲೆ ಕೋಣೆ, ಗೊರಗೊರ ಸದ್ದು. ಚಾಟ್‌ನಲ್ಲಿ ಒಂದು ನಿಮಿಷ ಏನೂ ಬರಲಿಲ್ಲ, ಎರಡು ನಿಮಿಷವೂ. ನೋಡುವವರ ಸಂಖ್ಯೆ ಇಳಿಯುತ್ತದೆಂದು ನಾನು ಅದನ್ನೇ ನೋಡುತ್ತಿದ್ದೆ, ಆಮೇಲೆ ನೋಡುವುದನ್ನು ಬಿಟ್ಟೆ. ಆಕೆ ಹೆಚ್ಚು ಹೊತ್ತು ನಿಂತದ್ದು ಮುದುಕನ ಬಳಿ. ಸದ್ದಿನೊಳಗಿಂದ ಅವನ ದನಿ ಮೇಲೆದ್ದಿತು. ‘ಏಳು’ ಎಂದ.

ಕೆಳಗಿನ ಚೌಕದಲ್ಲಿ ಆಕೆಯ ಮುಖ ಮೇಲಕ್ಕೆ ಸರಿದು ಮರೆಯಾಯಿತು. ಉಳಿದದ್ದು ಖಾಲಿ ಕುರ್ಚಿ, ಮತ್ತು ಬಿಗಿಯಾಗಿ ಮೇಲಕ್ಕೆ ಹೋಗಿದ್ದ ಹೆಡ್‌ಫೋನಿನ ವೈರು.